ಪೆಟ್ಟಿಗೆ ಕೇಳ್ತದೆ

ನಾವೆಲ್ಲ ಬಾಯಿ ಎಂದು ಕರೆಯುತ್ತಿದ್ದ ಹಿರಿಯ ನರ್ಸು ಡ್ಯೂಟಿಗೆ ಕೂರುವ ಮೊದಲು ಎಡಗಿವಿಯ ಚಿನ್ನದ ಕುಡುಕು ತೆಗೆದು ಕೋಟಿನ ಕಿಸೆಗೆ ಹಾಕಿಕೊಳ್ಳುತ್ತಿದ್ದರು. ಫೋನಿನ ರಿಸೀವರ್ ಒತ್ತಿ ಹಿಡಿದರೆ ಅದು ಚುಚ್ಚುತ್ತಿತ್ತು. ಸಂಜೆ ಮರಳಿ ಹಾಕಿಕೊಳ್ಳಲು ಮರೆತು, ಬಲಗಿವಿಯಲ್ಲಷ್ಟೇ ಚಿನ್ನ ಹೊಳೆಯಿಸುತ್ತ, ಕೆಂಪಗಾದ ಎಡಗಿವಿಯನ್ನು ಉಜ್ಜಿಕೊಳ್ಳುತ್ತ ಕಾರವಾರದ ಪೇಟೆಯಲ್ಲಿ ಬಂಗಡೆಗೆ ಚೌಕಾಶಿ ಮಾಡುವರು. ಒಂದು ಬಿದ್ದುಹೋಗಿದೆ ಎಂದು ಮೀನು ಮಾರುವವರು ಗಾಬರಿಯಾದರೆ ಕಿಸೆ ತಟ್ಟಿ ತೋರಿಸಿ ಚೌಕಾಶಿ ಮುಂದುವರಿಸುವರು.

ಅದು ತೊಂಬತ್ತರ ದಶಕ. ಕಾರವಾರದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾವು ಮೂವರು ನರ್ಸುಗಳು ಸರದಿಯ ಮೇಲೆ ಫೋನು ನೋಡಿಕೊಳ್ಳುತ್ತಿದ್ದೆವು. ಬಾಯಿ ಎಲ್ಲರಿಗಿಂತ ಹಿರಿಯರು, ನಾನು ಕಿರಿಯಳು, ಮೂರನೆಯವಳು ಕುಮಟೆಯವಳು. ಅಂಕೋಲೆಯಿಂದ, ಮಲ್ಲಾಪುರದಿಂದ ಜನ ಎಸ್‌ಟಿಡಿ ಬೂತಿಗೆ ಹೋಗಿ ಫೋನು ಮಾಡುವರು. ಬಸ್ಸು ಹತ್ತಿ ಬರಬೇಕೋ, ನಾಳೆ ಬಂದರಾದೀತೋ, ಮನೆಯಲ್ಲೇ ಮಲಗಿದರೆ ಸಾಕೋ ಎಂದು ನಾವು ಹೇಳಬೇಕು. ಕುಮಟೆಯವಳು ತುರಿಕೆ ಎಂದರೂ ಓಡಿ ಬನ್ನಿ ಎನ್ನುವಳು. ನಾನು ಎಲ್ಲದಕ್ಕೂ ಗಂಜಿ ಕುಡಿಯಲು ಹೇಳುತ್ತಿದ್ದೆ. ಬಾಯಿ ಅವತ್ತಿನ ಮನಸ್ಸಿದ್ದಂತೆ. ಜನ ಇದನ್ನು ಕಂಡುಕೊಂಡು, ಮೊದಲು ಇವತ್ತು ಯಾರ ಡ್ಯೂಟಿ ಎಂದು ಕೇಳಿ, ತಮಗೆ ಬೇಕಾದ ಉತ್ತರ ಕೊಡುವವಳ ಸರದಿಗೆ ಕಾಯತೊಡಗಿದರು.

ಡಾಕ್ಟರಿಗೆ ಇದು ಸರಿಬರಲಿಲ್ಲ. ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಕಲಿತ ಅವರ ಸೋದರಳಿಯ ಒಂದು ಪ್ರೋಗ್ರಾಮ್ ಬರೆದು ತಂದ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರದಲ್ಲಿ ಪ್ರಶ್ನೆ ಬರುತ್ತದೆ. ನಾವು ರೋಗಿಯನ್ನು ಕೇಳಿ ಹೌದು ಅಥವಾ ಇಲ್ಲ ಒತ್ತಬೇಕು. ಕೊನೆಗೆ ಅದೇ ತೀರ್ಪು ಕೊಡುತ್ತದೆ. ಇನ್ನು ಯಾರು ಫೋನು ಎತ್ತಿದರೂ ಉತ್ತರ ಒಂದೇ ಎಂದು ಡಾಕ್ಟರು ಸಾರಿದರು. ಕಂಪ್ಯೂಟರಿಗೆ ಧೂಳು ತಾಗದಂತೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಬರಬೇಕೆಂಬ ಕಟ್ಟಳೆಯೂ ಬಂತು.

ಬಾಯಿ ಮುನಿಸಿಕೊಂಡಾರು ಎಂದುಕೊಂಡಿದ್ದೆವು. ಅವರು ಕಂಪ್ಯೂಟರಿಗೆ ಒಲಿದೇಬಿಟ್ಟರು. ಒಂದು ಪ್ರಶ್ನೆಯನ್ನೂ ಬಿಡುತ್ತಿರಲಿಲ್ಲ. ಕಾಲಬೆರಳು ಜಜ್ಜಿಕೊಂಡವನಿಗೂ ವಾಂತಿಯಾಯಿತೇ, ಮೂತ್ರ ಸರಿ ಹೋಗುತ್ತದೆಯೇ ಎಂದು ವಿಚಾರಣೆ. ಬೂತಿನಲ್ಲಿ ಮೀಟರ್ ಓಡುತ್ತಿದೆ ಎಂದು ಆತ ರೇಗಿದರೆ ಬಾಯಿ ತಣ್ಣಗೆ, "ನಾ ಕೇಳೂದಲ್ಲ ಮಾರಾಯಾ, ಪೆಟ್ಟಿಗೆ ಕೇಳ್ತದೆ" ಎನ್ನುವರು. ಇಷ್ಟು ವರ್ಷ ಜನರ ಬೈಗುಳ ತಿಂದವರಿಗೆ ಈಗ ಅದನ್ನು ದಾಟಿಸಲು ಒಬ್ಬರು ಸಿಕ್ಕಿದ್ದರು.

ತಿಂಗಳು ಕಳೆದ ಮೇಲೆ ಡಾಕ್ಟರು ನಮ್ಮನ್ನು ಪರೀಕ್ಷಿಸಲು ಹೊರಟರು. ಮೇಲಿನ ಮಹಡಿಯಿಂದ ದನಿ ಬದಲಿಸಿ, ತೋಡೂರಿನವನೆಂದು ಹೇಳಿಕೊಂಡು ಮೂವರ ಸರದಿಯಲ್ಲೂ ಫೋನು ಮಾಡಿ, "ಹೊಟ್ಟೆ ಒಂದ್ ನಮೂನಿ ಆಗ್ತದೆ" ಎಂದರು. ಕುಮಟೆಯವಳು ನೋವು ಜೋರು ಎಂದು ಒತ್ತಿದಳು. ಕೂಡಲೇ ಬನ್ನಿ ಎಂದು ಬಂತು. ನಾನು ನೋವಿಲ್ಲ ಎಂದು ಒತ್ತಿದೆ; ಮನೆಯಲ್ಲಿರಿ ಎಂದು ಬಂತು. ಬಾಯಿ ಯಾವುದನ್ನೂ ಒತ್ತದೆ, ಒಂದು ನಮೂನಿ ಎಂದರೆ ಯಾವ ನಮೂನಿ ಎಂದು ಬಿಡದೆ ಕೇಳಿ, ಕೊನೆಗೆ, "ಬಸ್ಸೆಲ್ಲ ಬೇಡ ಡಾಕ್ಟ್ರೇ, ಮೆಟ್ಟಿಲಿಳ್ದು ಬನ್ನಿ, ನೋಡ್ವ" ಎಂದರಂತೆ.

ಡಾಕ್ಟರು ಇಳಿದು ಬಂದರು, ನಗುತ್ತ ಅಲ್ಲ. ಪೆಟ್ಟಿಗೆ ಒಂದೇ ಆದರೂ ಉತ್ತರ ಮೂರು. ಅಂದು ಚಹಾ ಕುಡಿಯುತ್ತ ಬಾಯಿಯೇ ಒಂದು ದಾರಿ ಹೇಳಿದರು. ನಮ್ಮ ಜನ ಹೌದು ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ. ಆದ್ದರಿಂದ ನೋವು ಎಷ್ಟು ಎಂದು ಕೇಳುವ ಬದಲು, ಊಟ ಮಾಡಿದಿರಾ, ಬೂತಿನವರೆಗೆ ಹೇಗೆ ಬಂದಿರಿ ಎಂದು ಕೇಳಿ ಗುಂಡಿ ಒತ್ತುವುದು. ಮೂವರೂ ಹಾಗೇ ಮಾಡತೊಡಗಿದೆವು. ಯಾರ ಡ್ಯೂಟಿ ಎಂದು ಕೇಳುವವರು ಮೆಲ್ಲಗೆ ಕಡಿಮೆಯಾದರು.

ಬಾಯಿಯ ಊರು ಅಂಕೋಲೆ ಹತ್ತಿರದ ಮಂಜಗುಣಿ. ರಜೆಗೆ ಊರಿಗೆ ಹೋಗಿದ್ದ ಅವರು ಒಂದು ಸೋಮವಾರ ಬೆಳಿಗ್ಗೆ ಅಲ್ಲಿನ ಕಿರಾಣಿ ಅಂಗಡಿಯಿಂದ ಫೋನು ಮಾಡಿದರು. ಭುಜ ಹಿಡಿದುಕೊಂಡಿದೆ, ಸ್ವಲ್ಪ ಬೆವರು, ಇವತ್ತು ಬರುವುದಿಲ್ಲ ಎಂದರು. ಪೆಟ್ಟಿಗೆಯನ್ನು ಕೇಳೋಣ ಎಂದೆ. ಪ್ರಶ್ನೆಗಳೆಲ್ಲ ಅವರಿಗೆ ಬಾಯಿಪಾಠ. ನಾನು ಕೇಳುವ ಮೊದಲೇ ಇಲ್ಲ, ಇಲ್ಲ, ಇಲ್ಲ ಎನ್ನುತ್ತ ಹೋದರು. ಮನೆಯಲ್ಲಿ ವಿಶ್ರಾಂತಿ ಎಂದು ಪರದೆ ತೋರಿಸಿತು. ಕಂಡೆಯಾ ಎಂದರು. ಆದರೆ ಒಂದು ಇಲ್ಲಕ್ಕೂ ಇನ್ನೊಂದಕ್ಕೂ ನಡುವೆ ಅವರು ಉಸಿರು ತೆಗೆದುಕೊಂಡ ರೀತಿ ನನಗೆ ಹಿಡಿಸಲಿಲ್ಲ. ಎಲ್ಲ ಅಳಿಸಿ ಮೊದಲಿಂದ ಶುರುಮಾಡಿದೆ.

"ನಿಮ್ಮ ಹೆಸರು? ವಯಸ್ಸು?"

"ನಿಂಗೆ ಗೊತ್ತಿಲ್ವನೇ ತಂಗಿ?"

"ನಾ ಕೇಳೂದಲ್ಲ ಬಾಯಿ. ಮನೆಯಿಂದ ಅಂಗಡಿಗೆ ಹೇಗ್ ಬಂದ್ರಿ?"

ಅಂಗಡಿಯಲ್ಲಿ ಯಾರೋ ಬೆಲ್ಲದ ದರ ಕೇಳುತ್ತಿದ್ದುದು ನನಗೆ ಕೇಳಿಸಿತು. ಬಾಯಿ ಸಣ್ಣ ದನಿಯಲ್ಲಿ, "ಕೂತ್ಕಂಡ್ ಕೂತ್ಕಂಡ್ ಬಂದೆ" ಎಂದರು.

ಉಸಿರು ಕಟ್ಟುತ್ತದೆಯೇ ಎಂಬಲ್ಲಿ ಹೌದು ಒತ್ತಿದೆ. ಕೂಡಲೇ ಬನ್ನಿ ಎಂದು ಬಂತು. ಪೆಟ್ಟಿಗೆಗೆ ತಲೆ ಕೆಟ್ಟಿದೆ ಎಂದು ಬಾಯಿ ಬೈಯತೊಡಗಿದಾಗ, ಫೋನು ಅಂಗಡಿಯವನ ಕೈಗೆ ಕೊಡಿಸಿ, ಇವರನ್ನು ಒಂದು ಹೆಜ್ಜೆಯೂ ನಡೆಸದೆ ಅಂಕೋಲೆಯ ಆಸ್ಪತ್ರೆಗೆ ಕರೆದೊಯ್ಯಲು ಹೇಳಿದೆ. ಅವನು ಸಾಮಾನು ಇಳಿಸುತ್ತಿದ್ದ ಟೆಂಪೋದಲ್ಲಿ ಅಕ್ಕಿ ಚೀಲಗಳ ಮೇಲೆ ಮಲಗಿಸಿ ಹೊರಡಿಸಿದ. ಹೃದಯಾಘಾತವೇ ಆಗಿತ್ತು.

ಅಂಕೋಲೆಯಲ್ಲಿ ಜೀವ ಹಿಡಿದ ಮೇಲೆ ನಮ್ಮ ಆಸ್ಪತ್ರೆಗೇ ಕರೆತಂದರು. ಮಲಗಿಸಿದ್ದು ಫೋನಿನ ಪಕ್ಕದ ಕೋಣೆಯಲ್ಲಿ, ಅದೊಂದು ತಪ್ಪಾಯಿತು. ನಾನು ಯಾರೊಡನೆಯೋ ಮಾತಾಡುತ್ತಿದ್ದರೆ ಒಳಗಿನಿಂದ, ವಾಂತಿ ಕೇಳಿದೆಯಾ, ಮೂತ್ರ ಕೇಳಿದೆಯಾ ಎಂದು ದನಿ ಬರುವುದು. ಡಾಕ್ಟರು ಬೈದು ಬಾಗಿಲು ಮುಚ್ಚಿಸಿದರು. ಬಾಯಿ ಗೋಡೆ ತಟ್ಟಿದರು.

ಆಮೇಲೆ ಅವರು ಕೆಲಸಕ್ಕೆ ಬರಲಿಲ್ಲ. ಊರಲ್ಲಿ ಬಹಳ ವರ್ಷ ಇದ್ದರು. ತೀರಿಹೋದ ಸುದ್ದಿ ತಿಳಿದು ಮಂಜಗುಣಿಗೆ ಹೋದೆ. ಅಲ್ಲಿ ಯಾರೂ ನನ್ನನ್ನು ಮೊದಲು ಕಂಡವರಲ್ಲ. ಅಂಗಳದಲ್ಲಿ ನಿಂತು, ಕಾರವಾರದಲ್ಲಿ ಜೊತೆಗೆ ಕೆಲಸ ಮಾಡಿದವಳು ಎಂದಷ್ಟೇ ಹೇಳಿದೆ. ಅತ್ತು ಕಣ್ಣು ಕೆಂಪಾಗಿದ್ದ ಅವರ ಮಗಳು ಎದ್ದು ಬಂದು ನನ್ನ ಮುಖ ನೋಡಿದಳು.

"ಅಬ್ಬೆ ಮಾತು ನಂಬದೇ ಇದ್ದೋರು ನೀವೇ ಅಲ್ವಾ?" ಎಂದು ಕೇಳಿ, ನನ್ನ ಕೈ ಹಿಡಿದು ಒಳಗೆ ಕರೆದೊಯ್ದು ಮನೆಯವರ ನಡುವೆ ಕೂರಿಸಿದಳು.