ತೊಟ್ಟಿಲಿಗಾಗಿ ನಿಂತ ಉಸಿರು

ಎರಡನೆಯ ಬಾಣಂತನಕ್ಕೆ ನಾನು ಮಿಶ್ರಿಕೋಟಿಯ ತವರಿನಲ್ಲಿದ್ದಾಗ ಅವ್ವ ಕಲಘಟಗಿಯಿಂದ ಬಣ್ಣದ ತೊಟ್ಟಿಲು ತರಿಸಿದ್ದಳು. ಆದರೆ ಕೂಸು ಮಲಗುತ್ತಿದ್ದುದು ನೆಲದ ಮೇಲಿನ ಕೌದಿಯಲ್ಲಿ. ತೊಟ್ಟಿಲಿನಲ್ಲಿ ಇರುತ್ತಿದ್ದವಳು ಎರಡು ವರ್ಷ ದಾಟಿದ ನನ್ನ ಹಿರಿಯ ಮಗಳು.

ತಮ್ಮನನ್ನು ತೊಟ್ಟಿಲಿಗೆ ಹಾಕಿದ ಮರುದಿನ ಅವಳು ಅದರೊಳಗೆ ಹತ್ತಿ ಕುಳಿತಿದ್ದಳು. ಎತ್ತಿ ಇಳಿಸಿದೆ. ಒಮ್ಮೆ ಚೀರಿದವಳ ಬಾಯಿ ತೆರೆದೇ ಉಳಿಯಿತು, ಉಸಿರು ನಿಂತಿತು. ತುಟಿ ನೀಲಿಯಾಗಿ ನನ್ನ ತೋಳಿನ ಮೇಲೆ ಜೋತುಬಿದ್ದಳು. ಅವ್ವ ಮುಖಕ್ಕೆ ನೀರು ಚಿಮುಕಿಸಿದಳು. ಉಸಿರು ಮರಳಿತು. ಅಂದಿನಿಂದ ಮನೆಯಲ್ಲಿ ಯಾರೂ ಅವಳಿಗೆ 'ಬ್ಯಾಡ' ಎನ್ನಲಿಲ್ಲ.

"ಡಿಗ್ರಿ ನಿಂದು, ಯಜಮಾನ್ಕಿ ಅಕಿದು," ಎಂದು ಅಪ್ಪ ನಗುತ್ತಿದ್ದರು.

ಮನೆತನದ ಮೊದಲ ಪದವೀಧರೆಯಾದ ನನ್ನಲ್ಲಿ ಇದಕ್ಕೆ ಉತ್ತರವಿರಬೇಕೆಂದು ಎಲ್ಲರ ನಿರೀಕ್ಷೆ. ನನ್ನಲ್ಲಿದ್ದುದು ಪ್ರಶ್ನೆ ಮಾತ್ರ: ಇಷ್ಟು ಸಣ್ಣ ಜೀವಕ್ಕೆ ಉಸಿರನ್ನೇ ತಡೆಯುವಷ್ಟು ಹಟ ಎಲ್ಲಿಂದ ಬರುತ್ತದೆ?

ಅವ್ವನೂ ನಾನೂ ಅವಳನ್ನು ಕರೆದೊಯ್ದಾಗ ಮಕ್ಕಳ ಡಾಕ್ಟರರು ಎದೆ ಪರೀಕ್ಷಿಸಿ, ರಕ್ತ ತಪಾಸಣೆ ಮಾಡಿಸಿ, ಕಬ್ಬಿಣಾಂಶದ ಔಷಧ ಬರೆದರು.

"ಇದು ಹಟ ಅಲ್ರಿ. ಸಿಟ್ಟು, ದುಃಖ ಒಮ್ಮೆಲೇ ಬಂದ್ರ ಉಸಿರು ತಾನ ನಿಲ್ಲತದ, ತಾನ ಬರತದ. ದೊಡ್ಡಾಕಿ ಆದಂಗ ಬಿಡತದ. ಮಾರಿಗೆ ನೀರು ಗೊಜ್ಜಬ್ಯಾಡ್ರಿ, ಬಾಜೂಕ ಹೊಳ್ಳಿಸಿ ಮಲಗಸ್ರಿ. ಒಂದ್ ನಿಮಿಷ ದಾಟಿದ್ರ ಮಾತ್ರ ದವಾಖಾನಿಗೆ ತರಾಕ ತಡಾ ಮಾಡಬ್ಯಾಡ್ರಿ."

"ಮತ್ತ ಅಕಿ ಕೇಳಿದ್ದು ಕೊಡಬೇಕೇನ್ರಿ?" ಎಂದಳು ಅವ್ವ.

"ಕೊಡೂದಿದ್ರ ಅಳೂಕಿಂತ ಮೊದಲ ಕೊಡ್ರಿ. ಅಂಜಿ ಕೊಡಬ್ಯಾಡ್ರಿ."

ಮರುದಿನ ಬೆಳಿಗ್ಗೆ ಕೂಸನ್ನು ತೊಟ್ಟಿಲಿನಲ್ಲಿ ಮಲಗಿಸಿದೆ. ಮಗಳು ಚೀರಿದಳು, ದನಿ ನಡುವೆಯೇ ಕಡಿಯಿತು. ಅವಳನ್ನು ಕೌದಿಯ ಮೇಲೆ ಮಗ್ಗುಲಾಗಿಸಿದೆ. ಅವ್ವನ ಕೈ ತಂಬಿಗೆಯತ್ತ ಹೋಯಿತು.

"ತಡಿ ಬೇ ಅವ್ವಾ."

ಬಗ್ಗಿ ಅವಳ ಮುಖ ನೋಡಿದೆ. ಕಣ್ಣುಗಳಲ್ಲಿ ಹಟವನ್ನು ಹುಡುಕುತ್ತಿದ್ದೆ. ಅಲ್ಲಿದ್ದುದು ಅಂಜಿಕೆ, ನನ್ನದರಂಥದೇ. ಇದನ್ನು ಅವಳು ಮಾಡುತ್ತಿರಲಿಲ್ಲ. ಇದು ಅವಳಿಗೆ ಆಗುತ್ತಿತ್ತು.

ಬಿಕ್ಕಳಿಕೆಯೊಂದು ಬಂದು, ಅದರ ಹಿಂದೆಯೇ ಉಸಿರು ಬಂತು. ಸ್ವಲ್ಪ ಹೊತ್ತು ಅತ್ತು, ಎದ್ದು ತೊಟ್ಟಿಲನ್ನು ಮುಟ್ಟಿ, "ನಂದು," ಎಂದಳು.

"ನಿಂದ ಐತಿ. ತಮ್ಮಗ ಮಲಗಾಕ ಕೊಟ್ಟೀವಿ. ಹಗ್ಗ ನೀ ಹಿಡಿ."

ಹಗ್ಗ ಹಿಡಿದು ಜಗ್ಗಿದಳು.

"ಮೆಲ್ಲಕ ಬೇ, ತಮ್ಮ ಹಾರಿ ಬಿದ್ದಾನು," ಎಂದು ಅವ್ವ ಹಗ್ಗಕ್ಕೆ ಕೈ ಚಾಚಿದಳು.

"ಬ್ಯಾಡ," ಎಂದಳು ಮಗಳು.

ಅವ್ವ ಕೈ ಹಿಂದೆಗೆದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಅವ್ವನಿಗೆ ಹೇಳಿದರು, "ಈಗ ನೀ ಉಸಿರು ಹಿಡಕೋ, ನೋಡೂಣು."