ಚಾರ್ಜರ್ ಸೇರಿಸಿ ಎಷ್ಟು ತೂಕ?

ಬೆಳಿಗ್ಗೆ ಐದೂ ಮುಕ್ಕಾಲು. ಕಾವಲುಗಾರ ಕಟ್ಟಡದ ಪಕ್ಕದ ಬಾಗಿಲನ್ನು ಅರ್ಧ ಮಾತ್ರ ತೆರೆಯುತ್ತಾನೆ. ಆ ಅರ್ಧದಲ್ಲೇ ಓರೆಯಾಗಿ ನುಸುಳಿ ಆಕೆ ಒಳಗೆ ಬರುತ್ತಾರೆ. ನಲವತ್ನಾಲ್ಕು ಮೆಟ್ಟಿಲು ಹತ್ತಿ ಎರಡನೆಯ ಮಹಡಿಯ ಲ್ಯಾಪ್‌ಟಾಪ್ ಅಂಗಡಿ ಸೇರಿದ ಮೇಲೂ ದೀಪ ಹಾಕುವುದಿಲ್ಲ. ಉದ್ದನೆಯ ಮೇಜಿನ ಮೇಲೆ ಒಂಬತ್ತು ಯಂತ್ರಗಳು ಸಾಲಾಗಿ ಮಲಗಿವೆ. ಒಂದೊಂದರ ಮುಚ್ಚಳವನ್ನೂ ಒಂದೇ ಬೆರಳಿನಿಂದ ಎತ್ತುತ್ತಾರೆ. ಮುಚ್ಚಳದ ಜೊತೆ ಕೆಳಗಿನ ಭಾಗವೂ ಎದ್ದು ಬಂದರೆ ಹುಬ್ಬು ಗಂಟಾಗುತ್ತದೆ. ಪರದೆಗಳ ಬೆಳಕನ್ನು ಒಂದೇ ಮಟ್ಟಕ್ಕೆ ತಂದು, ಗಡಿಯಾರ ಆರು ತೋರಿಸುತ್ತಿದ್ದಂತೆ ಒಂಬತ್ತು ಚಾರ್ಜರ್‌ಗಳನ್ನೂ ಕಿತ್ತುಹಾಕುತ್ತಾರೆ. ಮರುಕ್ಷಣ ಒಂಬತ್ತು ಪರದೆಗಳ ಮೇಲೂ ಒಂದೇ ದೃಶ್ಯ ಮೂಡುತ್ತದೆ. ಅದು ಆಕೆಯ ತಂಗಿಯ ಮದುವೆ.

"ಮದುವೆ ಶುರುವಾಯ್ತಾ?" ಕೆಳಗಿನಿಂದ ಕಾವಲುಗಾರ ಕೂಗುತ್ತಾನೆ.

"ಆಯ್ತು. ಉಡುಗೊರೆ ತಂದಿದ್ರೆ ಮೇಲೆ ಬಾ. ಇಲ್ಲಾಂದ್ರೆ ಅಲ್ಲೇ ಬಿದ್ದಿರು."

ಬೀದಿಯವರಿಗೆಲ್ಲ ಆಕೆ ತಕ್ಕಡಿ ಅಕ್ಕ. ವಯಸ್ಸು ನಲವತ್ತೇಳು. ಏಳು ವರ್ಷದಿಂದ ಈ ಅಂಗಡಿಯ ಮುಂದಿನ ಮೇಜಿನ ಹಿಂದೆ ನಿಂತಿದ್ದಾರೆ. ನಿಂತಿದ್ದಾರೆ ಎಂಬುದನ್ನು ಹಾಗೆಯೇ ಓದಿಕೊಳ್ಳಬೇಕು, ಏಕೆಂದರೆ ಅಲ್ಲಿ ಕುರ್ಚಿಯೇ ಇಲ್ಲ. "ತೊಡೆ ಮೇಲೆ ಇಟ್ಕೊಂಡು ಕೆಲಸ ಮಾಡೋ ವಸ್ತು ಮಾರ್ತೀವಿ. ಕೂತು ನೋಡೋಣ ಅಂದ್ರೆ ಇಡೀ ಅಂಗಡೀಲಿ ಒಂದು ಕುರ್ಚಿ ಇಲ್ಲ. ಕನ್ನಡಿ ಇಲ್ಲದ ಬಟ್ಟೆ ಅಂಗಡಿ ಇದ್ದ ಹಾಗೆ," ಎನ್ನುತ್ತಾರೆ. ಏಳು ವರ್ಷದಿಂದ ಕೇಳುತ್ತಿರುವುದು ಅದೊಂದೇ, ಗಿರಾಕಿ ಕೂರಲು ಒಂದು ಕುರ್ಚಿ.

ಹಗುರವಾದದ್ದು ಬೇಕು, ದಿನದ ಕೆಲಸಕ್ಕೂ ಆಗಬೇಕು, ಸಂಜೆ ಸಿನಿಮಾ ನೋಡುವುದಕ್ಕೂ ಆಗಬೇಕು ಎಂದು ಬರುವವರು ದಿನಕ್ಕೆ ಇಪ್ಪತ್ತೈದು ಮೂವತ್ತು ಜನ. ಅಕ್ಕ ಮೊದಲು ಯಂತ್ರ ತೋರಿಸುವುದಿಲ್ಲ. ಅವರ ಚೀಲ ಕೇಳುತ್ತಾರೆ. ಅದರಲ್ಲಿ ದಿನಾ ಏನೇನಿರುತ್ತದೆ, ಬಸ್ಸಿನಲ್ಲಿ ನಿಂತು ಹೋಗುತ್ತಾರೋ ಕೂತೋ, ಯಾವ ಭುಜ ನೋಯುತ್ತದೆ. ಆಮೇಲೆ ಅವರು ಮೆಚ್ಚಿದ ಯಂತ್ರವನ್ನು ಚಾರ್ಜರ್ ಸಮೇತ ಅದೇ ಚೀಲಕ್ಕೆ ತುಂಬಿ, ಕೊಕ್ಕೆಯ ತಕ್ಕಡಿಗೆ ನೇತುಹಾಕಿ, ಮುಳ್ಳು ತೋರಿಸುತ್ತಾರೆ. ನಂಬದವರನ್ನು ನಲವತ್ನಾಲ್ಕು ಮೆಟ್ಟಿಲು ಇಳಿಸಿ ಹತ್ತಿಸುತ್ತಾರೆ. ಜೊತೆಗೆ ಅಂಗಡಿಯ ಇನ್ನೊಬ್ಬ ನೌಕರನೂ ಹೋಗಬೇಕು, ಮಾರದ ಮಾಲು ಅಂಗಡಿಯವರಿಲ್ಲದೆ ಬಾಗಿಲು ದಾಟಬಾರದಲ್ಲ.

ಬ್ಯಾಟರಿಯ ಲೆಕ್ಕ ಮದುವೆಯದು. ವಿಡಿಯೊ ಮೂರು ಗಂಟೆ ನಲವತ್ತು ನಿಮಿಷ. ಮುಗಿದರೆ ತಾನೇ ಮೊದಲಿನಿಂದ ಶುರುವಾಗುತ್ತದೆ. ಎರಡು ಗಂಟೆ ಹತ್ತನೇ ನಿಮಿಷಕ್ಕೆ ಅಕ್ಕನ ಸೋದರಮಾವ ಕುಣಿಯಲು ಎದ್ದು, ಅಂಗಿ ಗುಂಡಿ ಹಾರಿಸಿಕೊಂಡು, ಇನ್ನಿಬ್ಬರ ಮೇಲೆ ಬೀಳುತ್ತಾರೆ. "ಮಾವ ಮೂರು ಸಲ ಬಿದ್ರೆ ಒಂಬತ್ತೂವರೆ ಗಂಟೆ ಅಂತ ಅರ್ಥ. ಅದು ಒಳ್ಳೇ ಯಂತ್ರ. ಚಾರ್ಜರ್ ಮನೇಲೇ ಬಿಟ್ಟು ಹೋಗಬಹುದು. ಕೆಲವು ಡಬ್ಬದ ಮೇಲೆ ಹದಿನೈದು ಗಂಟೆ ಅಂತ ಬರೆದಿರ್ತಾರೆ. ಮಾವ ಎರಡನೇ ಸಲ ಏಳೋ ಮುಂಚೆ ಯಂತ್ರ ಕಣ್ಣು ಮುಚ್ಚಿರುತ್ತೆ."

ಈ ಪರೀಕ್ಷೆಯನ್ನು ಯಾರೂ ಕಲಿಸಿದ್ದಲ್ಲ, ಯಾರೂ ಕೇಳಿದ್ದೂ ಅಲ್ಲ. ಅದರ ಹಿಂದೆ ಒಂದು ತಪ್ಪಿದೆ. ಅದನ್ನು ಹೇಳುವ ಮೊದಲು ಅಕ್ಕ ಬಟ್ಟೆ ತೆಗೆದುಕೊಂಡು ಆಗಲೇ ಒರೆಸಿದ್ದ ಪರದೆಯನ್ನು ಮತ್ತೆ ಒರೆಸುತ್ತಾರೆ.

ಇಲ್ಲಿಗೆ ಬರುವ ಮೊದಲು ಹನ್ನೆರಡು ವರ್ಷ ಬ್ರೆಡ್ ಕಾರ್ಖಾನೆಯಲ್ಲಿದ್ದರು. ಹಿಟ್ಟಿನ ಮುದ್ದೆಯಿಂದ ನಾನೂರೈವತ್ತು ಗ್ರಾಂ ಕಿತ್ತು ಅಚ್ಚಿಗೆ ಹಾಕುವುದು ಕೆಲಸ, ದಿನಕ್ಕೆ ಒಂಬೈನೂರು ಸಲ. ಹಿಟ್ಟು ಕತ್ತರಿಸುವ ಯಂತ್ರ ಬಂದ ವಾರವೇ ಹದಿನಾಲ್ಕು ಹೆಂಗಸರು ಮನೆಗೆ ಹೋದರು. ಆಮೇಲೆ ಸಿಕ್ಕಿದ್ದು ಈ ಅಂಗಡಿ. ಸೇರಿದ ಮೂರನೇ ತಿಂಗಳು ತಂಗಿಯ ಮದುವೆ. ತಂಗಿ ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ನರ್ಸು. ಪ್ರತಿ ಮನೆಯಲ್ಲೂ ರಕ್ತದೊತ್ತಡ, ಔಷಧಿ, ಗಾಯದ ವಿವರವೆಲ್ಲ ಲ್ಯಾಪ್‌ಟಾಪಿನಲ್ಲಿ ಬರೆಯಬೇಕು. ಅಕ್ಕ ತಮ್ಮದೇ ಅಂಗಡಿಯಿಂದ ಅವಳಿಗೊಂದು ಉಡುಗೊರೆ ಕೊಟ್ಟರು. ಡಬ್ಬದ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಕಿಲೋ ಮುನ್ನೂರು ಗ್ರಾಂ ಎಂದಿತ್ತು.

"ಡಬ್ಬ ಓದಿ ಕೊಟ್ಟುಬಿಟ್ಟೆ. ಹನ್ನೆರಡು ವರ್ಷ ಕೈಯಲ್ಲಿ ತೂಗಿದೋಳು ನಾನು, ಅವತ್ತು ಕೈಯಲ್ಲಿ ಎತ್ತಿ ಕೂಡ ನೋಡ್ಲಿಲ್ಲ. ಚಾರ್ಜರ್ ಒಂದು ಇಟ್ಟಿಗೆ. ಅದೇ ಆರುನೂರು ಗ್ರಾಂ. ಬ್ಯಾಟರಿ ಮೂರು ಗಂಟೆ ಬರಲ್ಲ. ಅಂದ್ಮೇಲೆ ಆ ಇಟ್ಟಿಗೆ ದಿನಾ ಹೊರಲೇಬೇಕು."

ತಂಗಿ ಏನೂ ಹೇಳಲಿಲ್ಲ. ಎಂಟು ತಿಂಗಳು ಹೇಳಲಿಲ್ಲ. ಒಂದು ದಿನ ಅಕ್ಕನ ಮನೆಯಲ್ಲಿ ತಲೆ ಒರೆಸಿಕೊಳ್ಳುವಾಗ ಭುಜದ ಮೇಲಿನ ಕಪ್ಪು ಪಟ್ಟಿ ಕಂಡಿತು, ಚೀಲದ ಪಟ್ಟಿಯಷ್ಟೇ ಅಗಲ. ಕೇಳಿದರೆ, "ನೀನು ಆರಿಸಿ ಕೊಟ್ಟಿದ್ದಲ್ವಾ" ಎಂದಳು. ದೂರಲಿಲ್ಲ, ಬಯ್ಯಲಿಲ್ಲ. ಆ ಮೂರು ಪದಗಳಿಗಿಂತ ಅವುಗಳ ಹಿಂದಿನ ಎಂಟು ತಿಂಗಳ ಮೌನವೇ ಅಕ್ಕನಿಗೆ ಹೆಚ್ಚು ಕೇಳಿಸಿತು. ತಂಗಿ ಆ ಯಂತ್ರವನ್ನು ಇನ್ನೂ ಎರಡು ವರ್ಷ ಹೊತ್ತಳು. ಈಗ ಬೇರೆಯದಿದೆ, ಚಾರ್ಜರ್ ಬೇಡದ್ದು. ಆದರೆ ದರ್ಜಿ ಇವತ್ತಿಗೂ ಅವಳ ಬಲಭುಜಕ್ಕೆ ಒಂದು ಬೆರಳು ಇಳಿಸಿಯೇ ಬಟ್ಟೆ ಕತ್ತರಿಸುತ್ತಾನೆ.

ಮದುವೆಯ ವಿಡಿಯೊ ಕೊಟ್ಟವಳೂ ಅವಳೇ. "ನಿನ್ನ ಯಂತ್ರದಲ್ಲಿ ನನ್ನ ಮದುವೇನೇ ಪೂರ್ತಿ ಮುಗಿಯಲ್ಲ ಕಣೇ, ಊಟಕ್ಕೆ ಕೂರೋ ಹೊತ್ತಿಗೆ ಕತ್ತಲೆ. ಮೊದಲು ಇದನ್ನು ಹಾಕಿ ನೋಡು, ಆಮೇಲೆ ಜನಕ್ಕೆ ಮಾರು," ಎಂದು ನಗುತ್ತ ಕೊಟ್ಟಳಂತೆ. ಅಕ್ಕ ನಗಲಿಲ್ಲ. ಮರುದಿನವೇ ಕೊಕ್ಕೆಯ ತಕ್ಕಡಿಯೊಂದನ್ನು ಕೊಂಡು ತಂದರು.

ಈಗ ಅದೇ ತಕ್ಕಡಿಗೆ ಕುತ್ತು ಬಂದಿದೆ. ಎರಡು ತಿಂಗಳ ಹಿಂದೆ ಬಂದ ಹೊಸ ಮ್ಯಾನೇಜರ್ ಒಂದು ಹಾಳೆ ಟೈಪ್ ಮಾಡಿಸಿದ್ದಾರೆ. ಪ್ರದರ್ಶನದ ಯಂತ್ರಗಳು ಸದಾ ಚಾರ್ಜಿಗೆ ಸಿಕ್ಕಿರಬೇಕು, ಪರದೆಯ ಮೇಲೆ ಕಂಪನಿಯ ಜಾಹೀರಾತು ಮಾತ್ರ ಓಡಬೇಕು, ಗಿರಾಕಿಯ ಎದುರು ತೂಕ ಮಾಡಕೂಡದು. ಶನಿವಾರದೊಳಗೆ ಸಹಿ ಹಾಕದಿದ್ದರೆ ಮುಂದಿನ ಮೇಜಿಲ್ಲ, ಹಿಂದಿನ ಕೌಂಟರ್. ಅದು ಕಿಟಕಿಯಿಲ್ಲದ, ಶೌಚಾಲಯಕ್ಕೆ ಅಂಟಿದ ಮೂಲೆ. ಅಲ್ಲಿಗೆ ಹೋದವರು ಎರಡು ತಿಂಗಳೊಳಗೆ ತಾವಾಗಿಯೇ ಕೆಲಸ ಬಿಡುತ್ತಾರೆ. ಗುರುವಾರ ತಕ್ಕಡಿಯೂ ಮ್ಯಾನೇಜರ್ ಅವರ ಡ್ರಾಯರ್ ಸೇರಿತು.

ಮ್ಯಾನೇಜರ್ ಕೆಟ್ಟವರಂತೆ ಕಾಣುವುದಿಲ್ಲ. ನಿದ್ದೆಗೆಟ್ಟವರಂತೆ ಕಾಣುತ್ತಾರೆ. ಗೋದಾಮಿನಲ್ಲಿ ಮಾರಾಟವಾಗದ ದೊಡ್ಡ ಪರದೆಯ ಮೂವತ್ತೆರಡು ಯಂತ್ರಗಳಿವೆ. "ನೋಡಿ, ಜನ ಆಸೆಯಿಂದ ಬರ್ತಾರೆ. ಇವರು ಆ ಆಸೇನ ಕೊಕ್ಕೆಗೆ ನೇತುಹಾಕ್ತಾರೆ. ಇದು ಅಂಗಡೀನಾ, ಆಸ್ಪತ್ರೇನಾ?" ಎಂದು ಕೇಳುತ್ತಾರೆ. ಉತ್ತರಕ್ಕೆ ಕಾಯುವುದಿಲ್ಲ.

ಶನಿವಾರ ಮಧ್ಯಾಹ್ನ ಬಂದವರು ಮೂರು ಶಾಲೆಗಳ ನಡುವೆ ಬಸ್ಸಿನಲ್ಲಿ ಓಡಾಡುವ ಗಣಿತದ ಮೇಷ್ಟ್ರು. ಪ್ರಶ್ನೆಪತ್ರಿಕೆ ತಯಾರಿಸಬೇಕು, ಅಂಕ ತುಂಬಬೇಕು, ಸಂಜೆ ಹೆಂಡತಿಯ ಜೊತೆ ಹಳೇ ಸಿನಿಮಾ ನೋಡಬೇಕು. ಮ್ಯಾನೇಜರ್ ಖುದ್ದಾಗಿ ದೊಡ್ಡ ಪರದೆಯದನ್ನು ಚಾರ್ಜಿಗೆ ಸಿಕ್ಕಿಸಿ ತೆರೆದು ತೋರಿಸುತ್ತಾರೆ. ಮೇಷ್ಟ್ರ ಕಣ್ಣು ಅಲ್ಲೇ ನೆಡುತ್ತದೆ.

"ಹಗುರಾನಾ ಇದು?"

"ತುಂಬಾ ಹಗುರ ಸಾರ್," ಎನ್ನುತ್ತಾರೆ ಮ್ಯಾನೇಜರ್.

ಅಕ್ಕ ಮುಂದೆ ಬಂದು ಯಂತ್ರವನ್ನು ಎಡಗೈಗೂ ಅದರ ಚಾರ್ಜರನ್ನು ಬಲಗೈಗೂ ತೆಗೆದುಕೊಂಡು, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಾರೆ. "ಎರಡು ಕಿಲೋ ಮುನ್ನೂರೈವತ್ತು."

ಮೇಷ್ಟ್ರು ನಗುತ್ತಾರೆ. "ಏನಮ್ಮಾ, ಕೈಯಲ್ಲೇ ಹೇಳಿಬಿಟ್ರಿ? ನಾನು ಗಣಿತದವನು. ಪುರಾವೆ ಬೇಕು."

"ಪುರಾವೆ ಸಾಹೇಬರ ಡ್ರಾಯರ್‌ನಲ್ಲಿದೆ. ಕೇಳಿ ನೋಡಿ."

ಮ್ಯಾನೇಜರ್ ಮುಖ ಬಿಗಿಯುತ್ತದೆ. ಮೇಷ್ಟ್ರು ಬಿಡುವ ಆಸಾಮಿಯಲ್ಲ. ಕಿಟಕಿಯಿಂದ ಇಣುಕಿ, ಎದುರು ಬದಿಯ ಪಾರ್ಸೆಲ್ ಕಚೇರಿಯಲ್ಲಿ ತೂಕದ ಯಂತ್ರ ಇರುತ್ತದಲ್ಲವೇ ಎನ್ನುತ್ತಾರೆ. ಮಾರದ ಮಾಲು ಅಂಗಡಿಯವರಿಲ್ಲದೆ ಹೊರಗೆ ಹೋಗಕೂಡದು. ಹಾಗಾಗಿ ಚಾರ್ಜರ್ ಸಮೇತ ಅದನ್ನು ಹೊತ್ತು ಮ್ಯಾನೇಜರ್ ಅವರೇ ಮೆಟ್ಟಿಲಿಳಿಯಬೇಕಾಗುತ್ತದೆ, ಹಿಂದೆ ಮೇಷ್ಟ್ರು, ಅಕ್ಕ. ರಸ್ತೆ ದಾಟುವಷ್ಟರಲ್ಲಿ ಅವರು ಎರಡು ಸಲ ಕೈ ಬದಲಿಸುತ್ತಾರೆ. ಅದನ್ನು ಮೇಷ್ಟ್ರು ನೋಡುತ್ತಾರೆ, ಮೇಷ್ಟ್ರು ನೋಡಿದ್ದನ್ನು ಅಕ್ಕ ನೋಡುತ್ತಾರೆ.

ಪಾರ್ಸೆಲ್ ಗುಮಾಸ್ತ ತಲೆಯೆತ್ತದೆ ತೂಗುತ್ತಾನೆ. "ಎರಡು ಮುನ್ನೂರ ನಲವತ್ತು. ಎಲ್ಲಿಗೆ ಕಳಿಸ್ಬೇಕು?"

"ಎಲ್ಲಿಗೂ ಬೇಡಪ್ಪ," ಎನ್ನುತ್ತಾರೆ ಮೇಷ್ಟ್ರು. "ಬಂದ ಜಾಗಕ್ಕೇ ವಾಪಸ್."

"ಹತ್ತು ಗ್ರಾಂ ತಪ್ಪಾಯ್ತು," ಎಂದು ಅಕ್ಕ ಗೊಣಗುತ್ತಾರೆ. ಆ ಹತ್ತು ಗ್ರಾಂ ಆಕೆಯನ್ನು ನಿಜಕ್ಕೂ ಕಾಡುತ್ತಿದೆ.

ಮೇಷ್ಟ್ರು ಕೊನೆಗೆ ಒಯ್ದದ್ದು ಸಾಲಿನ ಆರನೆಯದರ ಹೊಸ ಡಬ್ಬವನ್ನು. ಚಾರ್ಜರ್ ಸೇರಿ ಒಂದು ಕಿಲೋ ಮುನ್ನೂರರ ಒಳಗೆ. ಪರದೆ ಸ್ವಲ್ಪ ಚಿಕ್ಕದು, ಆದರೆ ಕಿಟಕಿಯ ಬೆಳಕಿಗೆ ಹಿಡಿದರೂ ಮುಖ ಕಾಣುವುದಿಲ್ಲ, ಸಿನಿಮಾ ಕಾಣುತ್ತದೆ. ಕೀಲಿಗಳು ಒತ್ತಿದ್ದು ಬೆರಳಿಗೆ ತಿಳಿಯುತ್ತದೆ. ಹೆಂಡತಿಗೆ ಕಿವಿ ಸ್ವಲ್ಪ ಮಂದ ಎಂದಾಗ ಅಕ್ಕ ಮದುವೆಯ ಸದ್ದನ್ನು ಪೂರ್ತಿ ಏರಿಸಿ, ಬಾಗಿಲ ಬಳಿ ನಿಲ್ಲಿಸಿ ಕೇಳಿಸುತ್ತಾರೆ. ಅದೇ ಹೊತ್ತಿಗೆ ಪರದೆಯ ಮೇಲೆ ಮಾವ ಬೀಳುತ್ತಾರೆ. "ಅಯ್ಯೋ, ಪಾಪ! ಪೆಟ್ಟಾಯ್ತಾ?" ಎನ್ನುತ್ತಾರೆ ಮೇಷ್ಟ್ರು. "ಆರು ವರ್ಷದಿಂದ ಬೀಳ್ತಾನೇ ಇದ್ದಾರೆ ಸಾರ್. ಗಟ್ಟಿ ಜೀವ."

ಸಂಜೆ ಅಂಗಡಿ ಮುಚ್ಚುವಾಗ ಹಾಳೆ ಮೇಜಿನ ಮೇಲಿದೆ, ಪಕ್ಕದಲ್ಲಿ ಪೆನ್ನು. ಅಕ್ಕ ಪೆನ್ನು ತೆಗೆದುಕೊಳ್ಳುತ್ತಾರೆ, ಹಾಳೆಯನ್ನು ಮಗುಚುತ್ತಾರೆ, ಖಾಲಿ ಬೆನ್ನಿನ ಮೇಲೆ ಒಂಬತ್ತು ಯಂತ್ರಗಳು ಆ ದಿನ ಆರಿದ ಹೊತ್ತನ್ನು ಒಂದರ ಕೆಳಗೊಂದು ಬರೆಯುತ್ತಾರೆ. ದೊಡ್ಡ ಪರದೆಯದರ ಮುಂದೆ ನಾಲ್ಕು ಗಂಟೆ ಐದು ನಿಮಿಷ. ಇನ್ನೂ ಉರಿಯುತ್ತಿರುವ ಎರಡರ ಮುಂದೆ ಗೀಟು. ಬರೆದು ಮುಗಿಸಿ ಹಾಳೆಯನ್ನು ಮ್ಯಾನೇಜರ್ ಕೈಗೇ ಕೊಡುತ್ತಾರೆ.

"ಇದೇನು?"

"ಸಹಿ ಕೇಳಿದ್ರಲ್ಲ. ಇದಕ್ಕೆ ಬೇಕಾದ್ರೆ ಹಾಕ್ತೀನಿ. ಆ ಕಡೆ ಇರೋದಕ್ಕೆ ಹಾಕಲ್ಲ."

ಪರದೆಯ ಮೇಲೆ ಅಕ್ಕನ ತಾಯಿ ಮಗಳನ್ನು ತಬ್ಬಿಕೊಂಡು ಅಳುತ್ತಿದ್ದಾರೆ. ಆ ತಾಯಿ ಈಗಿಲ್ಲ. ಒಂಬತ್ತು ಯಂತ್ರಗಳ ನಡುವೆ ದಿನವಿಡೀ ಆ ಮುಖದ ಎದುರು ನಿಲ್ಲುವುದು ಹೇಗಿರುತ್ತದೆ ಎಂದು ಕೇಳಬೇಕೆನಿಸುತ್ತದೆ. ಕೇಳುವುದು ತಪ್ಪೆಂದೂ ಅನಿಸುತ್ತದೆ. ಅಕ್ಕ ಬಾಗಿ ಸದ್ದು ತಗ್ಗಿಸುತ್ತಾರೆ, ಆರಿಸುವುದಿಲ್ಲ.

ಸೋಮವಾರ ಬೆಳಿಗ್ಗೆ ಮುಂದಿನ ಮೇಜಿನ ಒಂಬತ್ತೂ ಯಂತ್ರಗಳು ತಂತಿಗೆ ಸಿಕ್ಕಿಕೊಂಡಿವೆ. ಪರದೆಗಳ ಮೇಲೆ ಬೆಟ್ಟ, ಮೋಡ, ಹಾರುವ ಬಣ್ಣ. ಅಕ್ಕ ಅಲ್ಲಿಲ್ಲ. "ಕೆಲಸ ಬಿಟ್ರಾ?" ಎಂದು ಕೇಳಿದರೆ ಕಾವಲುಗಾರನಿಗೆ ಸಿಟ್ಟೇ ಬರುತ್ತದೆ. "ಬಿಡೋದಾ? ಐದೂ ಮುಕ್ಕಾಲಿಗೇ ಬಂದು ಹಿಂದೆ ಕೂತಿದ್ದಾರೆ. ಹೋಗಿ, ಮದುವೆ ಮನೆ ಜಾಗ ಬದಲಾಗಿದೆ ಅಷ್ಟೇ."

ಹಿಂದಿನ ಕೌಂಟರಿನ ಮೂಲೆಯಲ್ಲಿ ಅಕ್ಕನ ಸ್ವಂತ ಯಂತ್ರದ ಮೇಲೆ ಮದುವೆ ನಡೆಯುತ್ತಿದೆ. ಯಾರೋ ಎಂದೋ ಬಿಟ್ಟುಹೋಗಿ ಎಲ್ಲರೂ ಮರೆತಿದ್ದ, ಒರಗಲು ಬೆನ್ನಿಲ್ಲದ ಒಂದು ಕುರ್ಚಿಯೂ ಅಲ್ಲಿದೆ. ಆದೇಶ ಬರೆಸುವಾಗ ಮ್ಯಾನೇಜರ್ ಒಂದು ಸಂಗತಿ ಮರೆತಿದ್ದಾರೆ. ಈ ಅಂಗಡಿಯಲ್ಲಿ ಯಾವುದೇ ಯಂತ್ರ ಬಿಲ್ಲಿಗೆ ಹೋಗುವ ಮೊದಲು ಅದರ ಚಾರ್ಜರ್ ಪರೀಕ್ಷೆಯಾಗಬೇಕು. ಪರೀಕ್ಷಿಸಿ ಚೀಟಿ ಕೊಡುವುದು ಹಿಂದಿನ ಕೌಂಟರಿನ ಕೆಲಸ. ಮುಂದೆ ಯಾರು ಏನೇ ಮಾರಲಿ, ಪ್ರತಿ ಗಿರಾಕಿಯೂ ಯಂತ್ರ, ಚಾರ್ಜರ್ ಎರಡನ್ನೂ ಹಿಡಿದು ಇವರ ಎದುರಿಗೆ ಬಂದೇ ಹೋಗಬೇಕು.

"ಸುಳ್ಳು ಅಡಗಿರೋದೇ ಚಾರ್ಜರ್‌ನಲ್ಲಿ," ಎನ್ನುತ್ತಾರೆ ಅಕ್ಕ, ದನಿ ತಗ್ಗಿಸದೆ. "ಅದನ್ನೇ ನನ್ನ ಕೈಗೆ ಕೊಟ್ಟು ಕೂರಿಸಿದ್ದಾರೆ. ತಕ್ಕಡಿ ಅವರೇ ಇಟ್ಕೊಳ್ಳಲಿ. ಕೈ ಡ್ರಾಯರ್‌ಗೆ ಹಿಡಿಸಲ್ಲ."

ಇಲ್ಲಿಂದ ಓಡಿಸುವವರೆಗೂ ಇಲ್ಲೇ ಇರುತ್ತಾರೆ. ಬೇರೇನಾದರೂ ಬೇಕೇ ಎಂದರೆ ಸ್ವಲ್ಪ ಯೋಚಿಸುತ್ತಾರೆ. "ಇನ್ನೊಂದು ಕುರ್ಚಿ ಸಿಕ್ಕಿದ್ರೆ ಸಾಕು. ಜೊತೇಲಿ ಬಂದವರಿಗೆ."

ಅಷ್ಟರಲ್ಲಿ ಯುವತಿಯೊಬ್ಬಳು ದೊಡ್ಡ ಪರದೆಯ ಡಬ್ಬವನ್ನು ತಬ್ಬಿಕೊಂಡು ಬರುತ್ತಾಳೆ. ಭುಜದ ಮೇಲೆ ಆಗಲೇ ಒಂದು ತುಂಬಿದ ಚೀಲ. ಚಾರ್ಜರ್ ಪರೀಕ್ಷೆ ಇಲ್ಲೇನಾ ಎಂದು ಕೇಳುತ್ತಾಳೆ. ಅಕ್ಕ ಎದ್ದು ನಿಂತು, ಕುರ್ಚಿಯನ್ನು ಕೈಯಿಂದ ಒರೆಸಿ ಅವಳ ಕಡೆ ತಳ್ಳುತ್ತಾರೆ.

"ಇಲ್ಲೇ ಕಣಮ್ಮಾ. ಕೂತ್ಕೋ. ಡಬ್ಬದಿಂದ ತೆಗೆದು ತೊಡೆ ಮೇಲೆ ಇಟ್ಕೋ, ಈ ಚಾರ್ಜರ್ ಕೂಡ ಕೈಯಲ್ಲಿ ಹಿಡ್ಕೋ. ಎರಡೂ ಒಟ್ಟಿಗೆ. ಹ್ಞಾ. ಈಗ ನೀನೇ ಹೇಳು."