ಇಪ್ಪತ್ತೇಳನೆಯ ಕಲ್ಲು

ಬೆಳಿಗ್ಗೆ ಏಳೂವರೆಗೆ ಹೊಸಪೇಟೆ ನಿಲ್ದಾಣದ ಎದುರು ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ ತಿಂದು ಕಮಲಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟ್ಟು ಉಚಿತ. ಆಧಾರ್ ಕಾರ್ಡು ತೋರಿಸಿದರೆ ಆಯಿತು. ಹಿಂದಿನ ದಿನ ಸಂಡೂರಿನ ಬೆಟ್ಟದ ಗುಡಿ ನೋಡಿ ಬಂದಿದ್ದೆ. ಅಲ್ಲಿನ ಅದಿರಿನ ಕೆಂಪು ಧೂಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಮಲಪನಗುಡಿ ದಾಟುವಷ್ಟರಲ್ಲಿ ಅದನ್ನೂ ಒರೆಸಿ ಮುಗಿಸಿದೆ. ತುಮಕೂರಿನಲ್ಲಿ ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ನಾನು, ಕೊಳೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಈ ಚಾಳಿಯನ್ನು ಮೊದಲೇ ಹೇಳಿಬಿಡುತ್ತೇನೆ, ಆ ದಿನ ಕೆಟ್ಟದ್ದು ಅದರಿಂದಲೇ.

ಕಮಲಾಪುರದಲ್ಲಿ ಇಳಿದು ಹಂಪಿ ಸುತ್ತಲು ಆಟೋದವನೊಡನೆ ಚೌಕಾಸಿ ಮಾಡುತ್ತಿದ್ದಾಗ, ಕಂಪ್ಲಿ ಬಸ್ಸಿನಿಂದ ಇಳಿದ ಹೆಂಗಸೊಬ್ಬಳು ನಡುವೆ ಬಾಯಿ ಹಾಕಿದಳು. "ಇನ್ನೂರಾ? ಏನ್ ವಿಮಾನದಾಗ ಒಯ್ತೀಯೇನಪಾ? ಬರ್ರಿ ಅಕ್ಕಾರ, ನಡಕೊಂತ ಹೋಗೂಣು. ನಾನೂ ಅಲ್ಲಿಗೇ ಹೊಂಟೀನಿ."

ಹೆಸರು ಹುಲಿಗೆಮ್ಮ, ಊರು ಮೆಟ್ರಿ. ಭತ್ತದ ಗದ್ದೆಗಳಲ್ಲಿ ಕೂಲಿ. ವಯಸ್ಸು ಐವತ್ತರ ಮೇಲೆ, ನಡಿಗೆ ಮಾತ್ರ ನನಗಿಂತ ಚುರುಕು. ನಾಟಿ ಮುಗಿದ ಮೇಲೆ ವರ್ಷಕ್ಕೊಮ್ಮೆ ಹಂಪಿಗೆ ಬಂದೇ ಬರುತ್ತಾಳಂತೆ. ಹರಕೆಯೇನಾದರೂ ಇದೆಯೇ ಎಂದು ಕೇಳಿದೆ.

"ದ್ಯಾವ್ರಿಗೂ ಕೈ ಮುಗೀತೀನ್ರಿ. ಖರೇ ಹೇಳ್ಬೇಕಂದ್ರ ನಮ್ಮಪ್ಪನ ಬರಹ ನೋಡಾಕ ಬರ್ತೀನಿ."

ಕುಸಿದ ಮಂಟಪವೊಂದನ್ನು ಬಿಚ್ಚಿ ಮತ್ತೆ ಕಟ್ಟುವ ಕೆಲಸದಲ್ಲಿ ಆಕೆಯ ಅಪ್ಪ ಕೂಲಿಯಾಗಿದ್ದನಂತೆ. ಕೆಳಗಿಳಿಸಿದ ಕಲ್ಲು ಮತ್ತೆ ತನ್ನ ಜಾಗಕ್ಕೇ ಹೋಗಬೇಕಲ್ಲ, ಅದಕ್ಕೆ ಬಿಚ್ಚುವ ಮೊದಲು ಒಂದೊಂದು ಕಲ್ಲಿಗೂ ಸುಣ್ಣದಲ್ಲಿ ನಂಬರು ಹಾಕುತ್ತಿದ್ದರು. ಅಕ್ಷರ ಬಾರದ ಅಪ್ಪ ಅಂಕಿಗಳನ್ನಷ್ಟು ಕಲಿತು ಆ ಕೆಲಸ ಹಿಡಿದಿದ್ದ. ಎಂಟು ವರ್ಷದ ಹುಲಿಗೆಮ್ಮ ತೆಂಗಿನ ಚಿಪ್ಪಿನಲ್ಲಿ ಸುಣ್ಣ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಉಳಿದ ನಂಬರುಗಳೆಲ್ಲ ಮಳೆಗೆ ಅಳಿಸಿಹೋದವು. ಒಳಗಂಬದ ಮೇಲಿನ ಇಪ್ಪತ್ತೇಳು ಮಾತ್ರ ನೀರು ತಾಗದೆ ಉಳಿದಿದೆ.

"ಅಪ್ಪಂದು ಒಂದು ಫೋಟೋ ಸೈತ ಇಲ್ರಿ. ಇರೂದು ಅದೊಂದ."

"ನಾನು ಅದರ ಫೋಟೋ ತೆಗೆದುಕೊಡುತ್ತೇನೆ. ಪ್ರಿಂಟ್ ಹಾಕಿಸಿ ಅಂಚೆಯಲ್ಲಿ ಕಳಿಸುತ್ತೇನೆ" ಎಂದೆ.

ಆಕೆ ದಾರಿಯಲ್ಲೇ ನಿಂತುಬಿಟ್ಟಳು. ಕೈಯಲ್ಲಿದ್ದದ್ದು ಬಟನ್ ಫೋನು. "ಖರೇನ ಅಕ್ಕಾರ? ಹಂಗಾರ ಗ್ವಾಡಿಗೆ ಹಾಕ್ಕೊಂತೀನಿ. ಮೊಮ್ಮಕ್ಕಳಿಗೆ ತೋರಸ್ತೀನಿ."

ರಾಣಿ ಸ್ನಾನಗೃಹ ನೋಡಿದೆವು, ಹಜಾರರಾಮ ಗುಡಿ ನೋಡಿದೆವು. ನಾನು ಪಾಠ ಹೇಳಿದೆ, ಆಕೆ ಹೂಂಗುಟ್ಟಿದಳು. ಗೋಡೆಯೊಂದರ ಮೇಲೆ ಯಾರೋ ಇದ್ದಿಲಿನಿಂದ ಹೃದಯ ಬರೆದು ಹೆಸರು ಗೀಚಿದ್ದರು. ಒದ್ದೆ ಟವೆಲ್ಲಿನಿಂದ ಒರೆಸಿ ಹಾಕಿದೆ. "ಪುಣ್ಯದ ಕೆಲಸ ಮಾಡಿದ್ರಿ ನೋಡ್ರಿ" ಎಂದು ಹುಲಿಗೆಮ್ಮ ಹೊಗಳಿದಳು. ನಾನೂ ಉಬ್ಬಿದೆ. ಮಧ್ಯಾಹ್ನ ಬೇವಿನ ಮರದಡಿ ಆಕೆಯ ಬುತ್ತಿ ಬಿಚ್ಚಿದೆವು: ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ಬ್ಯಾಡ ಅನಬ್ಯಾಡ್ರಿ ಎನ್ನುತ್ತ ಮೂರನೆಯ ರೊಟ್ಟಿಯನ್ನೂ ನನ್ನ ಕೈಗೇ ಹಾಕಿದಳು.

ಹೊಳೆಯ ಕಡೆ ಹೊರಟಾಗ ಬಂಡೆಗಳು ಕಾದ ಹೆಂಚಾಗಿದ್ದವು. ನಲ್ಲಿಯ ಮುಂದೆ ಸಾಲಿತ್ತು. "ನಾ ಬಾಟ್ಲಿ ತುಂಬ್ಕೊಂಡು ಬರ್ತೀನಿ. ನೀವು ಮುಂದ ಹೋಗಿ ನೆಳ್ಳಾಗ ಕುಂದ್ರಿ" ಎಂದಳು. ಮೊದಲು ಸಿಕ್ಕ ಸಣ್ಣ ಮಂಟಪದಲ್ಲಿ ಕುಳಿತೆ. ಒಳಗಂಬದ ಮೇಲೆ ಮತ್ತೆ ಅದೇ ಇದ್ದಿಲ ಹೆಸರುಗಳು. ಪಕ್ಕದಲ್ಲೊಂದು ಮಾಸಲು ಬಿಳಿ ಗೀಟು, ಕಂಬದ ಮೂಲೆಯವರೆಗೂ ಸೊಟ್ಟಸೊಟ್ಟಗೆ ಎಳೆದದ್ದು. ಹಾಳಾದವರು, ಸುಣ್ಣವನ್ನೂ ಬಿಟ್ಟಿಲ್ಲ ಎಂದು ಬೈದುಕೊಂಡು ಎಲ್ಲವನ್ನೂ ಒರೆಸಿದೆ. ಬಿಳಿಯದು ಎರಡೇ ಉಜ್ಜಿಗೆ ಹೋಯಿತು.

"ಭಲೇ ಅಕ್ಕಾರ! ನಾ ಹೇಳ್ದಲೆ ನಮ್ಮ ಮಂಟಪಕ್ಕ ಬಂದು ಕುಂತೀರಲ್ಲ!"

ಟವೆಲ್ಲು ಹಿಡಿದೇ ಎದ್ದು ನಿಂತೆ. ಹುಲಿಗೆಮ್ಮ ನೇರ ಆ ಕಂಬದ ಬಳಿಗೇ ಹೋದಳು. ಬೆರಳಾಡಿಸಿದಳು, ಸುತ್ತ ಬಂದಳು, ಮತ್ತೆ ಅಲ್ಲೇ ನಿಂತಳು. ಕಲ್ಲು ಇನ್ನೂ ಒದ್ದೆಯಿತ್ತು. ಅದನ್ನು ನೋಡಿದಳು, ಆಮೇಲೆ ನನ್ನ ಕೈಯ ಟವೆಲ್ಲು ನೋಡಿದಳು.

"ನಾನೇ ಒರೆಸಿದೆ ಹುಲಿಗೆಮ್ಮ. ಯಾರೋ ಪುಂಡರು ಗೀಚಿದ್ದು ಅಂದುಕೊಂಡೆ."

"ಅಲ್ರೀ ಅಕ್ಕಾರ... ಮುಂಜಾನಿಂದ ಅದನ್ನ ಹೇಳಾಕತ್ತಿದ್ನೆಲ್ರಿ."

ಅಷ್ಟೇ ಅಂದು ಕಂಬದ ಬುಡದಲ್ಲಿ ಕುಳಿತಳು. ಬಾಯಿಗೆ ಬಂದಂತೆ ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ನಾಚಿಕೆಯಲ್ಲಿ ಬುದ್ಧಿ ಕೆಟ್ಟು ಇನ್ನೊಂದು ತಪ್ಪು ಮಾಡಿದೆ. ಆಕೆಯ ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ಕೇಳಿ ಪಡೆದು, "ಅದೇ ಜಾಗದಲ್ಲಿ ಬರೆದುಕೊಡುತ್ತೇನೆ" ಎಂದೆ. ಕಲ್ಲಿನ ಮೇಲೆ ಬರೆಯುವವರನ್ನು ಜೀವನವಿಡೀ ಬೈದವಳು, ಬೆರಳಿಗೆ ಸುಣ್ಣ ಹಚ್ಚಿಕೊಂಡು ಬೋರ್ಡಿನ ಮೇಲೆ ಬರೆದಂತೆ ಗುಂಡಗೆ ಇಪ್ಪತ್ತೇಳು ಎಂದು ಅಂಕಿ ಬರೆದೆ.

ಹುಲಿಗೆಮ್ಮ ಎದ್ದು ಬಂದು ನೋಡಿದಳು. "ಭಾಳ ಚಂದ ಐತ್ರಿ. ಆದ್ರ ನಮ್ಮಪ್ಪ ಏಳಕ್ಕ ಮೂಲಿತನಕ ಬಾಲ ಎಳೀತಿದ್ದ. ಎಳ್ಯೂಮುಂದ ನಾ ನಗ್ತಿದ್ದೆ, ಅವನೂ ನಗ್ತಿದ್ದ."

ಸೆರಗಿನ ತುದಿಗೆ ನೀರು ಸುರಿದುಕೊಂಡು ನನ್ನ ಅಂಕಿಯನ್ನು ತಾನೇ ಒರೆಸಿದಳು. "ನಡ್ರಿ, ಬಸ್ಸಿಗೆ ಹೊತ್ತಾತು."

ಕಮಲಾಪುರಕ್ಕೆ ನಡೆದು ಬಂದೆವು. ನಿಲ್ದಾಣದಲ್ಲಿ ಫೋನು ತೆಗೆದು ನೋಡಿದೆ. ಬೆಳಗಿನಿಂದ ನೂರಕ್ಕೂ ಮಿಕ್ಕಿ ಚಿತ್ರ ತೆಗೆದಿದ್ದೆ, ನೆಲದ ಮೇಲಿನ ಓತಿಕ್ಯಾತವನ್ನೂ ಬಿಟ್ಟಿರಲಿಲ್ಲ. ಆ ಕಂಬದ್ದು ಒಂದೂ ಇರಲಿಲ್ಲ. ಒರೆಸುವ ಮೊದಲು ಒಂದು ತೆಗೆದಿದ್ದರೆ ಸಾಕಿತ್ತು, ಅಯ್ಯೋ, ಒಂದೇ ಒಂದು.

ಕಂಪ್ಲಿ ಬಸ್ಸು ಬಂತು. ಆಕೆ ಹತ್ತಿ ಕಿಟಕಿಯ ಬಳಿ ಕುಳಿತಳು. ಏನಾದರೂ ಹೇಳಲೇಬೇಕೆಂದು, "ಮುಂದಿನ ವರ್ಷ ನಾಟಿ ಮುಗಿದ ಮೇಲೆ ಬರ್ತೀರಲ್ಲ ಹುಲಿಗೆಮ್ಮ?" ಎಂದು ಕೇಳಿದೆ.

ಆಕೆಗೆ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯದವಳ ಹಾಗೆ ನನ್ನನ್ನೇ ಕೇಳಿದಳು.

"ಏನ್ ನೋಡಾಕ ಬರ್ಲಿ ಅಕ್ಕಾರ?"